ಬೆನ್ನ ಮೇಲಿನ ಕಪ್ಪು ಬಿಲ್ಲೆಗಳು

ಪ್ರಶ್ನೆ: ಮೇಡಂ, ನನ್ನ ಮಗನಿಗೆ 19 ವರ್ಷ. ಕಾಲೇಜಿನ ಕಬಡ್ಡಿ ತಂಡದಲ್ಲಿ ರೈಡರ್. ಸೀನಿಯರ್ ಹುಡುಗರನ್ನು ನೋಡಿ ಕಪ್ಪಿಂಗ್ ಹುಚ್ಚು ಹತ್ತಿಸಿಕೊಂಡಿದ್ದಾನೆ, ಅದೇ ನೋವಿಗೆ ಮೈಮೇಲೆ ಕಪ್ ಬೋರಲಿಟ್ಟು ಗಾಳಿ ಎಳೆದು ಕಚ್ಚಿಸುವುದು. ಎರಡು ಸಲ ಸೆಂಟರಿಗೆ ಹೋಗಿ ಬಂದ, ಒಂದು ಸಲಕ್ಕೆ 900 ರೂಪಾಯಿ. ಈಗ ಪ್ಲಾಸ್ಟಿಕ್ ಕಪ್‌ಗಳ ಕಿಟ್ ತರಿಸಿ, ರಾತ್ರಿ ಊಟವಾದ ಮೇಲೆ ನನ್ನ ಕೈಯಿಂದಲೇ ಹಾಕಿಸಿಕೊಳ್ಳುತ್ತಾನೆ. ಪಂಪ್ ಒತ್ತುವಾಗ ನನ್ನ ಕೈ ನಡುಗುತ್ತದೆ. ಬೆನ್ನ ತುಂಬ ಕಪ್ಪು ಬಿಲ್ಲೆಗಳು. ಕಪ್ಪಾದಷ್ಟೂ ಕೆಟ್ಟ ರಕ್ತ, ಲ್ಯಾಕ್ಟಿಕ್ ಆಸಿಡ್ ಹೊರಗೆ ಬರುತ್ತದೆ ಎಂದು ಸೆಂಟರಿನವರು ಹೇಳಿದ್ದಾರಂತೆ. ಬಲ ತೊಡೆಯ ಹಿಂದೆ ಮೂರು ವಾರದಿಂದ ಒಂದೇ ಕಡೆ ನೋವು, ಅಲ್ಲಿ ದಿನಾ ಕಪ್ ಬೇಕು. ಮುಂದಿನ ಸಲ ರಕ್ತ ತೆಗೆಸುತ್ತೇನೆ ಅನ್ನುತ್ತಾನೆ. ಒಂದು ಗಂಟೆಯವರೆಗೆ ಮೊಬೈಲ್ ನೋಡಿ, ಐದಕ್ಕೆ ಎದ್ದು ಪ್ರಾಕ್ಟೀಸಿಗೆ ಹೋಗುತ್ತಾನೆ. ಏನು ಮಾಡಲಿ?
– ಒಬ್ಬ ತಾಯಿ, ರಾಣೇಬೆನ್ನೂರು

ಉತ್ತರ: ನಡುಗುವ ಕೈ ಇರಲಿ ತಾಯಿ. ಧೈರ್ಯವಾಗಿ ಹತ್ತು ಸಲ ಪಂಪ್ ಒತ್ತುವ ಕೈಗಿಂತ ಅದೇ ವಾಸಿ.

ಮೊದಲು ಕೆಟ್ಟ ರಕ್ತದ ಮಾತು ಮುಗಿಸಿಬಿಡೋಣ. ಕಪ್ ಒಳಗಿನ ಗಾಳಿ ಹೊರಗೆಳೆದಾಗ ಚರ್ಮ ಬೋಂಡದ ಹಾಗೆ ಉಬ್ಬಿ ಮೇಲೆ ಬರುತ್ತದಲ್ಲ, ಆ ಎಳೆತಕ್ಕೆ ಚರ್ಮದಡಿಯ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಒಡೆದು ರಕ್ತ ಅಲ್ಲೇ ಜಿನುಗುತ್ತದೆ. ಗುರುತು ಅಂದರೆ ಅಷ್ಟೇ. ಬಾಗಿಲಿಗೆ ಮೊಣಕೈ ಬಡಿದಾಗ ನೀಲಿಗಟ್ಟುವುದಕ್ಕೂ ಇದಕ್ಕೂ ಜಾತಿ ಒಂದೇ, ಇದು ಗುಂಡಗಿದೆ. ಎಷ್ಟು ಕಪ್ಪಾಗುತ್ತದೆ ಅನ್ನುವುದು ಎಷ್ಟು ಜೋರಾಗಿ ಎಳೆದಿರಿ, ಎಷ್ಟು ಹೊತ್ತು ಬಿಟ್ಟಿರಿ ಅನ್ನುವುದರ ಮೇಲೆ. ಅನುಮಾನವಿದ್ದರೆ ಸೋಫಾ ಬಿಟ್ಟು ಏಳದ ಯಜಮಾನರೊಬ್ಬರ ಬೆನ್ನಿಗೂ ಹಾಕಿ ನೋಡಿ, ಅವರಿಗೂ ಕಪ್ಪಾಗುತ್ತದೆ. (ಅವರು ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಮಾತ್ರ ಈ ಪ್ರಯೋಗ ಬೇಡ. ಕೆಳಗೆ ಇನ್ನೊಬ್ಬರ ಪತ್ರ ಇದೆ, ಓದಿ.)

ಲ್ಯಾಕ್ಟಿಕ್ ಆಸಿಡ್ ಕಥೆಯೂ ಹಾಗೇ. ಆಟ ನಿಂತ ಒಂದೆರಡು ಗಂಟೆಯೊಳಗೆ ದೇಹ ತಾನೇ ಅದನ್ನು ಖರ್ಚು ಮಾಡಿಕೊಂಡಿರುತ್ತದೆ. ಮಾರನೆಯ ದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುವ ನೋವು ಬೇರೆ. ರೈಡಿಗೆ ನುಗ್ಗಿದವನು ತಟ್ಟನೆ ನಿಂತು ಹಿಂದಕ್ಕೆ ತಿರುಗುವಾಗ, ಬಗ್ಗಿ ಕಾಲು ಚಾಚಿ ಬೋನಸ್ ಗೆರೆ ಮುಟ್ಟುವಾಗ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಆಗ ಅದರ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಪೆಟ್ಟಾಗುತ್ತದೆ. 24ರಿಂದ 72 ಗಂಟೆಯ ನಡುವೆ ನೋವು ಜೋರು, ಆಮೇಲೆ ತಾನೇ ಇಳಿಯುತ್ತದೆ. ಮೂರನೇ ದಿನ ಕಪ್ ಹಾಕಿಸಿ ನಾಲ್ಕನೇ ದಿನ ಹಗುರಾದರೆ ಕೀರ್ತಿಯೆಲ್ಲ ಕಪ್‌ಗೆ. ಅಜ್ಜಿಯ ಕೋಳಿ ಕೂಗಿದ್ದಕ್ಕೇ ಬೆಳಗಾದ ಹಾಗೆ.

ಹಾಗಂತ ಕಪ್ಪಿಂಗ್ ಬರೀ ಸುಳ್ಳು ಅಂತ ನಾನು ಹೇಳಲಾರೆ. ನನ್ನ ಕಪಾಟಿನಲ್ಲೂ ಹದಿನಾರು ಕಪ್‌ಗಳಿವೆ. ಮಸಾಜ್ ಮಾಂಸವನ್ನು ಕೆಳಕ್ಕೆ ಒತ್ತುತ್ತದೆ, ಕಪ್ ಮೇಲಕ್ಕೆ ಎತ್ತುತ್ತದೆ. ಬಿಗಿದ ಭುಜ ಆಮೇಲೆ ಸಡಿಲಾದಂತೆ ಅನಿಸುವುದು ನಿಜ. ಆ ಸುಖ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ಕ್ರೀಡಾಪಟುಗಳ ಮೇಲೆ ನಡೆದ 11 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2018ರ ಒಂದು ವಿಮರ್ಶೆ ಮಾಡಿಸಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮಾತ್ರೆಯಾದರೆ ಕೆಲವರಿಗೆ ಗೊತ್ತಾಗದಂತೆ ಸಕ್ಕರೆ ಗುಳಿಗೆ ಕೊಟ್ಟು, ಗುಣ ಮಾತ್ರೆಯದೋ ನಂಬಿಕೆಯದೋ ಎಂದು ಹೋಲಿಸಬಹುದು. ಬೆನ್ನಿಗೆ ಕಪ್ ಕಚ್ಚಿದೆಯೋ ಇಲ್ಲವೋ ಅನ್ನುವುದನ್ನು ಆಟಗಾರನಿಂದ ಹೇಗೆ ಮುಚ್ಚಿಡುತ್ತೀರಿ?

ಮಗ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ ಹೆಸರು ಹೇಳಿಯೇ ಹೇಳುತ್ತಾನೆ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಅವನ ಭುಜದ ಮೇಲಿನ ನೇರಳೆ ಬಣ್ಣದ ಬಿಲ್ಲೆಗಳನ್ನು ಜಗತ್ತೆಲ್ಲ ನೋಡಿತು. ಆ ಕೂಟಕ್ಕೆ ಇಳಿಯುವ ಮೊದಲೇ ಅವನ ಹತ್ತಿರ 18 ಚಿನ್ನ ಇತ್ತು ಅಂತ ನೀವು ಹೇಳಿ.

ಇದು ಹೊಸದೂ ಅಲ್ಲ. ಸುಶ್ರುತ ರಕ್ತ ತೆಗೆಯಲು ವಾತಕ್ಕೆ ಕೊಂಬು, ಪಿತ್ತಕ್ಕೆ ಜಿಗಣೆ, ಕಫಕ್ಕೆ ಸೋರೆಬುರುಡೆ ಹೇಳಿದ್ದಾನೆ. ನಮ್ಮ ಅಜ್ಜಿ ಹೊಟ್ಟೆನೋವು ಅಂದರೆ ಬಟ್ಟಿ ಸರಿದಿದೆ ಎಂದು ಅಂಗಾತ ಮಲಗಿಸಿ, ಹೊಕ್ಕುಳ ಹತ್ತಿರ ಪುಟ್ಟ ಹಣತೆ ಹಚ್ಚಿಟ್ಟು ತಂಬಿಗೆ ಬೋರಲು ಹಾಕುತ್ತಿದ್ದಳು. ದೀಪ ಆರಿ, ಒಳಗಿನ ಬಿಸಿ ಗಾಳಿ ತಣಿದು ಕುಗ್ಗಿದಂತೆ ತಂಬಿಗೆ ಹೊಟ್ಟೆ ಕಚ್ಚುತ್ತಿತ್ತು. ಬಿಡಿಸುವಾಗ ‘ಟೊಪ್’ ಅಂತ ಸದ್ದು. ಆ ಸದ್ದು ಕೇಳಿದರೆ ಅರ್ಧ ನೋವು ಹೋಗುತ್ತಿತ್ತು, ಉಳಿದರ್ಧ ಆಮೇಲೆ ಕೊಡುವ ಬೆಲ್ಲದ ತುಂಡಿಗೆ.

ಈಗ ನನ್ನದೇ ಒಂದು ತಪ್ಪು. ಇಪ್ಪತ್ತು ವರ್ಷದ ಕೆಳಗೆ ಓಟಗಾರ ಹುಡುಗನೊಬ್ಬನ ಸೊಂಟದ ಮೇಲೆ ಎರಡು ಕಪ್ ಇಟ್ಟು ಫೋನ್ ಬಂತೆಂದು ಆಚೆ ಹೋದೆ. ಮಾತಾಡಿ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಆಗಿತ್ತು. ಕಪ್ ತೆಗೆದರೆ ಒಳಗೆ ಅವರೆಕಾಳಿನಷ್ಟು ದಪ್ಪದ ನೀರುಗುಳ್ಳೆಗಳು. ಹುಡುಗ ಪಾಪ, ‘ಹೀಗೇ ಆಗಬೇಕಾ ಮೇಡಂ?’ ಅಂದ. ಎರಡು ವಾರ ಡ್ರೆಸ್ಸಿಂಗ್ ಮಾಡಿದೆ, ಅವನ ಒಂದು ಮೀಟ್ ತಪ್ಪಿತು. ಅಂದಿನಿಂದ ಕಪ್ ಹಾಕಿದಾಗ ಅಡುಗೆಮನೆಯ ಟೈಮರ್ ಪಕ್ಕದಲ್ಲೇ ಇರುತ್ತದೆ.

ಆದ್ದರಿಂದ ಮನೆಯಲ್ಲಿ ಹಾಕಲೇಬೇಕಾದರೆ ಎರಡು ಸಲ ಪಂಪ್, ಐದು ನಿಮಿಷ, ಅಷ್ಟೇ ಸಾಕು. ಬೆನ್ನುಮೂಳೆಯ ಮೇಲೆ, ಕತ್ತಿನ ಮುಂದೆ, ಮೊಣಕಾಲಿನ ಹಿಂದೆ, ಗಾಯ ಗುಳ್ಳೆ ಇರುವಲ್ಲಿ ಬೇಡ. ಹಳೆ ಗುರುತು ಮಾಯುವ ತನಕ ಅದೇ ಜಾಗಕ್ಕೆ ಮತ್ತೆ ಹಾಕಬೇಡಿ. ಮ್ಯಾಚಿಗೆ ಎರಡು ದಿನ ಇದ್ದಾಗಲೂ ಬೇಡ, ಕಪ್ ಹಾಕಿದ ಜಾಗವೇ ನೋಯುತ್ತದೆ. ಕಪ್‌ಗಳನ್ನು ಸೋಪು ನೀರಲ್ಲಿ ತೊಳೆಯಿರಿ, ಹಾಸ್ಟೆಲಿನ ಗೆಳೆಯರಿಗೆ ಎರವಲು ಕೊಡಬೇಡಿ.

ರಕ್ತ ತೆಗೆಸುವುದು ಮನೆಯಲ್ಲೂ ಬೇಡ, ಆ ಸೆಂಟರಿನಲ್ಲೂ ಬೇಡ. ಚರ್ಮಕ್ಕೆ ಸಣ್ಣ ಗೀರು ಹಾಕಿ ಕಪ್‌ನಿಂದ ರಕ್ತ ಎಳೆಯುವ ಇದಕ್ಕೆ ಹಿಜಾಮಾ ಅನ್ನುತ್ತಾರೆ, ಯುನಾನಿ ವೈದ್ಯದ ಹಳೆಯ ಪದ್ಧತಿ. ಬೆಂಗಳೂರಿನ ಮಾಗಡಿ ರಸ್ತೆಯ ರಾಷ್ಟ್ರೀಯ ಯುನಾನಿ ಸಂಸ್ಥೆಯಂಥ ಕಡೆ ಓದಿದ ವೈದ್ಯರೇ ಮಾಡುತ್ತಾರೆ. ಆದರೆ ದಣಿದ ಆಟಗಾರನ ಮೈಯಿಂದ ಇನ್ನಷ್ಟು ರಕ್ತ ತೆಗೆದು ಅವನಿಗೆ ಬಲ ಬರುವುದು ಹೇಗೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಬ್ಲೇಡ್ ಸ್ವಚ್ಛವಿಲ್ಲದಿದ್ದರೆ ಹೆಪಟೈಟಿಸ್ ಬಿ ಬರಬಹುದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಬೇರೆ ಎರಡು ಸಾಲುಗಳ ಮೇಲೆ. ಒಂದು, ಒಂದಕ್ಕೆ ಮಲಗಿ ಐದಕ್ಕೆ ಏಳುವುದು. ಪೆಟ್ಟಾದ ಸ್ನಾಯು ರಿಪೇರಿಯಾಗುವುದು ನಿದ್ದೆಯಲ್ಲಿ, ಅವನು ಮಲಗುವುದೇ ನಾಲ್ಕು ಗಂಟೆ. ಕಪ್ ಕಿಟ್ ಇಟ್ಟ ಡಬ್ಬಿಯಲ್ಲೇ ರಾತ್ರಿ ಹತ್ತಕ್ಕೆ ಮೊಬೈಲನ್ನೂ ಇಡಿಸಿ. ಆ 900 ರೂಪಾಯಿಗೆ ಮೊಟ್ಟೆ, ಶೇಂಗಾ, ಹಾಲು ತನ್ನಿ. ಎರಡು, ತೊಡೆಯ ಹಿಂದೆ ಮೂರು ವಾರದಿಂದ ಒಂದೇ ಕಡೆ ನೋವು. ಆಟದ ಸುಸ್ತಿನ ನೋವು ಎರಡೂ ಕಾಲಿಗೆ ಬರುತ್ತದೆ, ವಾರದೊಳಗೆ ಹೋಗುತ್ತದೆ. ಇದು ಸ್ನಾಯು ಹರಿದಿರುವ ಲಕ್ಷಣ ಇರಬಹುದು. ಅಲ್ಲಿ ಕಪ್ ಹಾಕಿ ನೋವು ಮರೆಸಿ ಆಡಿಸಿದರೆ ಇನ್ನಷ್ಟು ಹರಿಯುತ್ತದೆ. ಈ ವಾರವೇ ಮೂಳೆ ವೈದ್ಯರಿಗೋ ಫಿಸಿಯೋಗೋ ತೋರಿಸಿ, ಅಲ್ಲಿಯವರೆಗೆ ರೈಡ್ ಬಂದ್. ಬೈದರೆ ನನ್ನ ಹೆಸರು ಹೇಳಿ.

ಪ್ರಶ್ನೆ: ವಯಸ್ಸು 58. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳುವಾಗುವ ಮಾತ್ರೆ ಇದೆ. ವಾಕಿಂಗ್ ಗೆಳೆಯರು ಮೀನಖಂಡದ ನೋವಿಗೆ ಕಪ್ಪಿಂಗ್ ಮಾಡಿಸು ಅನ್ನುತ್ತಾರೆ.
– ನಿವೃತ್ತ ಶಿಕ್ಷಕ, ತಿಪಟೂರು

ಉತ್ತರ: ಬೇಡ ಸಾರ್, ಆ ಮಾತ್ರೆ ಇದ್ದಾಗ ಚರ್ಮದಡಿ ಜಿನುಗಿದ ರಕ್ತ ಬೇಗ ನಿಲ್ಲುವುದಿಲ್ಲ. ನಡೆದಾಗ ಹಿಡಿದುಕೊಂಡು, ನಿಂತರೆ ಬಿಡುವ ನೋವಾದರೆ ಕಾಲಿನ ರಕ್ತನಾಳ ಪರೀಕ್ಷೆ ಆಗಬೇಕು, ನಿಮ್ಮ ಹೃದ್ರೋಗ ವೈದ್ಯರಿಗೆ ಹೇಳಿ. ಒಂದೇ ಕಾಲು ಊದಿ, ಬಿಸಿಯಾಗಿ, ಕೆಂಪಾಗಿದ್ದರೆ ಈ ಸಂಚಿಕೆ ಮಡಚಿಟ್ಟು ಈಗಲೇ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಬ್ಯಾಡ್ಮಿಂಟನ್ ಆಡುತ್ತೇನೆ. ಮೊನ್ನೆ ಬೆನ್ನಿಗೆ ಕಪ್ಪಿಂಗ್ ಮಾಡಿಸಿದೆ. ಐದು ದಿನದಲ್ಲಿ ಅಕ್ಕನ ಮದುವೆ. ಗುರುತು ಹೋಗಲು ಏನು ಹಚ್ಚಲಿ?
– ಮೈಸೂರಿನಿಂದ ಒಬ್ಬಳು

ಉತ್ತರ: ಏನೂ ಹಚ್ಚಬೇಡಮ್ಮಾ, ಅರಿಶಿನವಂತೂ ಬೇಡ, ನೀಲಿಯ ಮೇಲೆ ಹಳದಿಯೂ ಸೇರುತ್ತದೆ. ವಾರ ಹತ್ತು ದಿನಕ್ಕೆ ತಾನೇ ಮಾಸುತ್ತದೆ. ಟೈಲರ್ ಹತ್ತಿರ ಇವತ್ತೇ ಹೋಗಿ ರವಿಕೆಯ ಬೆನ್ನು ಮೇಲಕ್ಕೆ ಏರಿಸಿಕೋ.