40 ಪ್ರತಿಯ ಪತ್ರಿಕೆ

ನೀವು ಕೇಳಿರೋದು ಮೂರು: ಝೀನ್ ಅಂದರೇನು, ಎಲ್ಲವನ್ನೂ ಫೋನಲ್ಲೇ ಹಾಕಬಹುದಾದ ಕಾಲದಲ್ಲಿ ಕಾಗದಕ್ಕೆ ಯಾಕೆ ದುಡ್ಡು ಹಾಕಬೇಕು, ಚಿತ್ರ ಬರೆಯೋಕೆ ಬಾರದವರು ಕನ್ನಡದಲ್ಲಿ ಒಂದು ಮಾಡಬಹುದಾ. ಕೊನೇದಕ್ಕೆ ಮೊದಲು ಉತ್ತರ: ಮಾಡಬಹುದು, ಇವತ್ತು ಸಂಜೆಯೇ. ನಾನು 6 ವರ್ಷದಲ್ಲಿ 9 ಮಾಡಿದ್ದೀನಿ. ಮನುಷ್ಯರ ಮುಖ ಬರೆಯೋಕೆ ಹೋದರೆ ಇವತ್ತಿಗೂ ಆಲೂಗಡ್ಡೆ ಬರುತ್ತೆ.

ಝೀನ್ ಅಂದರೆ ಸಂಪಾದಕ, ಪ್ರಕಾಶಕ, ಮುದ್ರಕ, ಹಂಚುವ ಹುಡುಗ ಎಲ್ಲ ಒಬ್ಬರೇ ಆಗಿರುವ ಪುಟಾಣಿ ಪತ್ರಿಕೆ. ‘ಫ್ಯಾನ್‌ಝೀನ್’ ಅನ್ನೋ ಹೆಸರು 1940ರಲ್ಲಿ ಅಮೆರಿಕದ ವಿಜ್ಞಾನಕಥೆಯ ಹುಚ್ಚರ ನಡುವೆ ಹುಟ್ಟಿದ್ದು. ಕೆಲಸ ಅದಕ್ಕೂ 10 ವರ್ಷ ಮುಂಚೆಯೇ ನಡೆದಿತ್ತು. ನನಗೆ ಇಷ್ಟವಾದ ಕಥೆ ಲಂಡನ್ನಿಂದು. 1976ರಲ್ಲಿ ಮಾರ್ಕ್ ಪೆರಿ ಅನ್ನೋ ಬ್ಯಾಂಕ್ ಗುಮಾಸ್ತನಿಗೆ ಪಂಕ್ ಸಂಗೀತದ ಗೀಳು ಹತ್ತಿತು. ಅದರ ಬಗ್ಗೆ ಬರೆಯುವವರಿಲ್ಲ ಅಂತ ತಾನೇ ಟೈಪ್ ಮಾಡಿ, ದಪ್ಪ ಪೆನ್ನಲ್ಲಿ ತಲೆಬರಹ ಗೀಚಿ, ಸುಮಾರು 50 ಪ್ರತಿ ಝೆರಾಕ್ಸ್ ತೆಗೆಸಿ ‘ಸ್ನಿಫಿನ್ ಗ್ಲೂ’ ಅಂತ ಹೊರಡಿಸಿದ. ಮರುವರ್ಷ ಅದು ಸಾವಿರಗಟ್ಟಲೆ ಖರ್ಚಾಗುತ್ತಿದ್ದಾಗಲೇ ನಿಲ್ಲಿಸಿಬಿಟ್ಟ. ಆ ನಿಲ್ಲಿಸಿದ್ದು ನನಗೆ ಶುರು ಮಾಡಿದ್ದಕ್ಕಿಂತ ದೊಡ್ಡದಾಗಿ ಕಾಣುತ್ತೆ.

ನಮ್ಮ ದೇಶಕ್ಕೂ ಇದು ಹೊಸದಲ್ಲ. 1961ರಲ್ಲಿ ಪಾಟ್ನಾದಿಂದ ‘ಹಂಗ್ರಿ’, ಅಂದರೆ ಹಸಿದವರು, ಅಂತ ಕರೆದುಕೊಂಡ ಪಂಥದ ಬಂಗಾಳಿ ಕವಿಗಳು ಒಂಟಿ ಹಾಳೆಯ ಕರಪತ್ರ ಹಂಚೋಕೆ ಶುರು ಮಾಡಿದರು. 1964ರಲ್ಲಿ ಅವರಲ್ಲಿ ಕೆಲವರನ್ನು ಪೊಲೀಸರು ಹಿಡಿದುಕೊಂಡು ಹೋದರು. ಒಂದು ಹಾಳೆಗೆ ಅಷ್ಟು ಗೌರವ! ಮರುವರ್ಷ ಅಲಹಾಬಾದಿನಲ್ಲಿ ಕವಿ ಅರವಿಂದ ಕೃಷ್ಣ ಮೆಹ್ರೋತ್ರಾ ಮತ್ತು ಗೆಳೆಯರು ಸೈಕ್ಲೋಸ್ಟೈಲ್ ಮಾಡಿದ, ಅಂದರೆ ಮೇಣದ ಹಾಳೆಯಲ್ಲಿ ಕೊರೆದು ಶಾಯಿ ಒತ್ತಿ ತೆಗೆದ, ಪತ್ರಿಕೆ ತಂದರು. ಕನ್ನಡದಲ್ಲಿ ಧಾರವಾಡದ ‘ಸಂಕ್ರಮಣ’ದಂಥ ಸಣ್ಣ ಪತ್ರಿಕೆಗಳನ್ನು ಝೀನಿನ ದೊಡ್ಡಪ್ಪ ಅನ್ನಬಹುದು. ಆದರೆ ಖಾಸಾ ಒಡಹುಟ್ಟು ಬೇರೆ ಇದೆ, ನಮ್ಮ ಶಾಲೆ-ಹಾಸ್ಟೆಲುಗಳ ಕೈಬರಹ ಪತ್ರಿಕೆ.

ನಮ್ಮ ಹೈಸ್ಕೂಲಲ್ಲೂ ಒಂದಿತ್ತು. ಇಡೀ ಸಂಚಿಕೆಗೆ ಒಂದೇ ಪ್ರತಿ. ಅಕ್ಷರ ದುಂಡಗಿದ್ದ ಹುಡುಗಿಗೆ ಬರೆಯುವ ಕೆಲಸ, ಉಳಿದವರಿಗೆ ಅಂಚಿಗೆ ಬಳ್ಳಿ ಬಿಡಿಸುವ ಕೆಲಸ. ಕೊನೆಯ ನಾಲ್ಕು ಪುಟ ‘ಓದುಗರ ಅಭಿಪ್ರಾಯ’ಕ್ಕೆ ಅಂತ ಖಾಲಿ. ಪತ್ರಿಕೆ ಮನೆಯಿಂದ ಮನೆಗೆ ಹೋಗಿ ವಾಪಸ್ ಬರುವಾಗ ಆ ಪುಟಗಳು ತುಂಬಿರುತ್ತಿದ್ದವು, ಜೊತೆಗೆ ಒಂದು ಸಾರಿನ ಕಲೆ. ನಾವೆಲ್ಲ ಕಥೆಗಿಂತ ಮುಂಚೆ ಆ ಪುಟ ಓದುತ್ತಿದ್ದೆವು.

ಈಗ ಮಾಡುವ ವಿಧಾನ. ಒಂದು ಎ4 ಹಾಳೆ ಅಡ್ಡಲಾಗಿಟ್ಟು ಮೂರು ಸಲ ಅರ್ಧಕ್ಕೆ ಮಡಿಸಿ ಬಿಚ್ಚಿ. 8 ಮನೆ ಬೀಳುತ್ತೆ, ಒಂದೊಂದೂ 74×105 ಮಿಲಿಮೀಟರ್. ಬರೆಯೋದೆಲ್ಲ ಒಂದೇ ಮಗ್ಗುಲಲ್ಲಿ. ಕೆಳಸಾಲಲ್ಲಿ ಎಡದಿಂದ ಬಲಕ್ಕೆ 6, 7, 8, 1. ಮೇಲ್ಸಾಲಲ್ಲಿ 5, 4, 3, 2, ಆದರೆ ಈ ನಾಲ್ಕೂ ತಲೆಕೆಳಗಾಗಿ. ಝೆರಾಕ್ಸ್ ಆದ ಮೇಲೆ ನಡುವಿನ ಅಡ್ಡ ಗೆರೆಯ ಮಧ್ಯದ ಎರಡು ಮನೆಯಷ್ಟು ಉದ್ದ ಮಾತ್ರ ಕತ್ತರಿಸಿ, ಉದ್ದಕ್ಕೆ ಮಡಿಸಿ, ಎರಡೂ ತುದಿ ಒಳಕ್ಕೆ ತಳ್ಳಿ. ಅಧಿಕ ಚಿಹ್ನೆಯ ಹಾಗೆ ಅರಳುತ್ತೆ, ಸುತ್ತಿ ಮಡಿಸಿದರೆ ಪುಸ್ತಕ. ಪಿನ್ನೂ ಬೇಡ, ಅಂಟೂ ಬೇಡ. ಮೊದಲ ಸಲ 3ನೇ ಪುಟ ಶೀರ್ಷಾಸನ ಹಾಕೇ ಹಾಕುತ್ತೆ, ಅದಕ್ಕೇ ರದ್ದಿ ಹಾಳೆಯಲ್ಲಿ ಬರೀ ಅಂಕಿ ಬರೆದು ಒಂದು ಕಚ್ಚಾ ಪ್ರತಿ ಮಾಡಿಕೊಳ್ಳಿ. ನಾಲ್ಕೂ ಅಂಚಿಗೆ ಅರ್ಧ ಸೆಂಟಿಮೀಟರಾದರೂ ಬಿಡಿ, ಮಿಷನ್ನು ಅಂಚು ತಿನ್ನುತ್ತೆ.

ಇಂಗ್ಲಿಷಿನಲ್ಲಿ ಕಲಿಸುವವರು ಹೇಳದ ಒಂದು ವಿಷಯ ಇದೆ. ನಮ್ಮ ಲಿಪಿಗೆ ಕೆಳಗಡೆ ಜಾಗ ಬೇಕು. 8 ಪಾಯಿಂಟಲ್ಲಿ ಟೈಪ್ ಮಾಡಿ, ಝೆರಾಕ್ಸಿಂದ ಮತ್ತೆ ಝೆರಾಕ್ಸ್ ತೆಗೆದರೆ ಒತ್ತಕ್ಷರಗಳು ಇರುವೆ ಸತ್ತ ಹಾಗೆ ಕಾಣುತ್ತವೆ. ನನ್ನ ಎರಡನೇ ಝೀನಲ್ಲಿ ‘ಅಜ್ಜಿ’ಯ ಒತ್ತು ಪೂರ್ತಿ ಮಾಯವಾಗಿ ಇಡೀ ಕವಿತೆಯಲ್ಲಿ ‘ಅಜಿ’ ಓಡಾಡಿದಳು. ಕಪ್ಪು ಜೆಲ್ ಪೆನ್ನಲ್ಲಿ ಕೈಯಾರೆ ಬರೆಯಿರಿ, ಸಾಲಿನ ನಡುವೆ ಧಾರಾಳ ಜಾಗ ಬಿಡಿ, ಪ್ರತಿ ಸಲವೂ ಮೂಲ ಹಾಳೆಯಿಂದಲೇ ಪ್ರತಿ ತೆಗೆಸಿ. ಚಿತ್ರದ ಜಾಗಕ್ಕೆ ಬಸ್ ಟಿಕೆಟ್, ಲಗ್ನಪತ್ರಿಕೆಯ ಚೂರು, ಒಣ ಎಲೆ, ಏನಾದರೂ ಅಂಟಿಸಿ. ಎಲೆಯ ನರ ಝೆರಾಕ್ಸಲ್ಲಿ ಚೆನ್ನಾಗಿ ಮೂಡುತ್ತೆ.

ಖರ್ಚು? ನಮ್ಮೂರಲ್ಲಿ ಮಗ್ಗುಲಿಗೆ 2 ರೂಪಾಯಿ, 40 ಪ್ರತಿಗೆ 80. ದೊಡ್ಡ ಊರುಗಳಲ್ಲಿ ರಿಸೋಗ್ರಾಫ್ ಅನ್ನೋ ಜಪಾನಿ ಮಿಷನ್ನಲ್ಲಿ ಒಂದೊಂದೇ ಬಣ್ಣ ಒತ್ತಿ ಮಾಡಿದ ಝೀನ್ ನೋಡಿರಬಹುದು. ಬಣ್ಣ ಕೂದಲೆಳೆ ಜರುಗಿ ಕೂತಿರೋದೇ ಅದರ ಸೊಗಸು, ನಾನೂ ಕೊಂಡಿದ್ದೀನಿ. ಆದರೆ ಬೆಲೆ ಮೂರಂಕಿ ಮುಟ್ಟಿದ ಮೇಲೆ ಓದುಗ ಅದನ್ನು ಪ್ಲಾಸ್ಟಿಕ್ ಕವರಲ್ಲಿಟ್ಟು ಜೋಪಾನ ಮಾಡ್ತಾನೆ, ಬಸ್ಸಲ್ಲಿ ಪಕ್ಕದವರಿಗೆ ಕೊಡಲ್ಲ. ನನಗೆ ಪಕ್ಕದವರು ಬೇಕು.

ಫೋನಲ್ಲಿ ಯಾಕಲ್ಲ ಅಂದಿರಿ. ಫೋನಲ್ಲೂ ಹಾಕ್ತೀನಿ, ಹೃದಯದ ಗುರುತು ಬರುತ್ತೆ, ಸಂತೋಷ. ಆದರೆ ಹಳೇ ಚಾಳಿಯಂತೆ ಪ್ರತಿ ಝೀನಿನ 8ನೇ ಪುಟ ಖಾಲಿ ಬಿಟ್ಟು, ‘ಬರೆದು ವಾಪಸ್ ಕೊಡಿ’ ಅಂತ ಕೆಳಗೆ ಝೆರಾಕ್ಸ್ ಅಂಗಡಿಯ ಗುರುತು ಹಾಕಿರ್ತೀನಿ. ಅಂಗಡಿಯವರು ಬಂದದ್ದನ್ನು ಒಂದು ಬಿಸ್ಕತ್ ಡಬ್ಬಿಯಲ್ಲಿ ಕೂಡಿಡ್ತಾರೆ. 40ರಲ್ಲಿ ಮೂರೋ ನಾಲ್ಕೋ ಬರುತ್ತವೆ. ಹೋದ ವರ್ಷ ಬಂದ ಒಂದರಲ್ಲಿ 8ನೇ ಪುಟ ಖಾಲಿಯೇ ಇತ್ತು, ಮಿಕ್ಕ ಏಳರಲ್ಲೂ ಕೆಂಪು ಶಾಯಿ. ಯಾರೋ ನಿವೃತ್ತ ಮೇಷ್ಟ್ರೇ ಇರಬೇಕು, ಅಲ್ಪಪ್ರಾಣ ಮಹಾಪ್ರಾಣ ಎಲ್ಲ ತಿದ್ದಿ, ರಕ್ಷಾಪುಟದ ಮೂಲೆಯಲ್ಲಿ 11 ತಪ್ಪು ಅಂತ ಎಣಿಸಿ ಬರೆದಿದ್ದರು. ಮೂಲ ಹಾಳೆ ತೆಗೆದು ಹೋಲಿಸಿದೆ. ಎರಡು ಮಾತ್ರ ಮಿಷನ್ನಿನದು.