ಟೋಪಿಯ ಹುಡುಗ, ಗುಡ್ಡದ ಮೇಲಿನ ಭೂತ

ಬ್ರಹ್ಮಾವರದ ಓದುಗರೊಬ್ಬರ ಪತ್ರದ ಸಾರಾಂಶ: “ಅಜ್ಜಿ ಮನೆಯ ಚಾವಡಿಯಲ್ಲಿ ಕುಳಿತು ನೋಡಿದ ಒಂದು ಕನ್ನಡ ಧಾರಾವಾಹಿಯ ಹೆಸರನ್ನು ವರ್ಷಗಳಿಂದ ಹುಡುಕುತ್ತಿದ್ದೇನೆ. ಟೋಪಿ ಹಾಕಿದ ಶಾಲಾ ಹುಡುಗ, ರೈಲು ನಿಲ್ದಾಣ, ಹೆಂಚಿನ ಮನೆಗಳ ಬೀದಿ, ರಾತ್ರಿ ಗುಡ್ಡದ ಮೇಲೆ ಭೂತ, ಪ್ರತಿ ವಾರ ಆರಂಭದಲ್ಲಿ ‘ಡೆನ್ನಾನ ಡೆನ್ನಾನ’ ಎಂಬ ತುಳು ಹಾಡು. ಯಾರನ್ನು ಕೇಳಿದರೂ ಅಂಥದ್ದು ಬಂದೇ ಇಲ್ಲ ಎನ್ನುತ್ತಾರೆ. ಇದು ನನ್ನ ಭ್ರಮೆಯೇ?”

ಆತ್ಮೀಯರೇ,

ಭ್ರಮೆಯಲ್ಲ. ಆದರೆ ಅಂಥದ್ದು ಬಂದಿಲ್ಲ ಎಂದವರೂ ಸುಳ್ಳು ಹೇಳಿಲ್ಲ. ನೀವು ಒಂದೆಂದು ನಂಬಿರುವ ಧಾರಾವಾಹಿ ವಾಸ್ತವವಾಗಿ ಎರಡು.

ಟೋಪಿಯ ಹುಡುಗ, ನಿಲ್ದಾಣ ಮತ್ತು ಬೀದಿ ಶಂಕರನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ನವು, ಹುಡುಗ ಸ್ವಾಮಿಯ ಪಾತ್ರದ ಮಾಸ್ಟರ್ ಮಂಜುನಾಥ್. 1986–87ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ಆ ಧಾರಾವಾಹಿ ಕನ್ನಡದಲ್ಲಿರಲಿಲ್ಲ, ಹಿಂದಿಯಲ್ಲಿತ್ತು. ನಿಮ್ಮ ನೆನಪಿನಲ್ಲಿ ಅದು ಕನ್ನಡವಾದದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ. ಚಿತ್ರೀಕರಣ ನಡೆದದ್ದು ಆಗುಂಬೆಯಲ್ಲಿ, ಅಂದರೆ ಹೆಬ್ರಿ ದಾಟಿ ಘಾಟಿ ಹತ್ತಿದರೆ ಸಿಗುವ ನಮ್ಮ ನೆರೆಯ ಊರಿನಲ್ಲಿ. ಸ್ವಾಮಿಯ ತಂದೆಯಾಗಿ ಗಿರೀಶ ಕಾರ್ನಾಡರು, ತಾಯಿಯಾಗಿ ವೈಶಾಲಿ ಕಾಸರವಳ್ಳಿಯವರು ಇದ್ದರು. ಮನೆ, ಮಳೆ, ಮುಖ ಎಲ್ಲವೂ ಪರಿಚಿತವಾಗಿರುವಾಗ, ಹಿಂದಿ ಬಾರದ ಮಗು ಪಕ್ಕದಲ್ಲಿ ಕುಳಿತ ಹಿರಿಯರು ಬಿಡಿಸಿ ಹೇಳಿದ ಮಾತನ್ನೇ ಪಾತ್ರಗಳ ಬಾಯಲ್ಲಿ ಇಟ್ಟುಕೊಂಡಿರುತ್ತದೆ. ಆ ದಿನಗಳಲ್ಲಿ ಊರೂರಿಗೆ ಬಂದ ನೂರು ವ್ಯಾಟ್‌ನ ಸಣ್ಣ ಮರುಪ್ರಸಾರ ಕೇಂದ್ರಗಳು ಉಪಗ್ರಹದಿಂದ ಇಳಿದ ದೆಹಲಿಯ ಕಾರ್ಯಕ್ರಮವನ್ನೇ ಸುತ್ತಲಿನ ಇಪ್ಪತ್ತು ಕಿಲೋಮೀಟರ್‌ಗಳಷ್ಟು ದೂರಕ್ಕೆ ಹರಡುತ್ತಿದ್ದವು. ಆದ್ದರಿಂದ ಹೀಗೆ ಬಿಡಿಸಿ ಹೇಳುವವರೊಬ್ಬರು ಟಿವಿ ಇದ್ದ ಬಹುತೇಕ ಮನೆಗಳಲ್ಲಿ ಇರುತ್ತಿದ್ದರು.

ಭೂತ ಮಾತ್ರ ಬೇರೆಯದು. ಮೂರು ನಾಲ್ಕು ವರ್ಷಗಳ ಬಳಿಕ, 1990ರ ಸುಮಾರಿಗೆ, ಬೆಂಗಳೂರು ದೂರದರ್ಶನದಲ್ಲಿ ಬಂದ, ಸದಾನಂದ ಸುವರ್ಣರು ನಿರ್ದೇಶಿಸಿದ ‘ಗುಡ್ಡದ ಭೂತ’ ಅದು. ಪ್ರಕಾಶ್ ರಾಜ್ ಅದರಲ್ಲಿ ಅಭಿನಯಿಸಿದ್ದರು. ಇಲ್ಲಿ ನಾನು ಸ್ವಲ್ಪ ತಡೆದು ಯೋಚಿಸಿದೆ. ಏಕೆಂದರೆ ‘ಡೆನ್ನಾನ’ ಎಂಬ ಸೊಲ್ಲನ್ನು ನಮ್ಮ ಕಡೆಯ ಮಗು ನೇಜಿ ನೆಡುವ ಗದ್ದೆಯಲ್ಲೋ ಶಾಲೆಯ ವಾರ್ಷಿಕೋತ್ಸವದಲ್ಲೋ ಕೇಳಿರಬಹುದು. 2015ರ ‘ರಂಗಿತರಂಗ’ ಚಿತ್ರ ಬಂದ ಮೇಲಂತೂ ಅದು ಎಲ್ಲರ ಬಾಯಲ್ಲಿದೆ. ಹಾಡೊಂದೇ ಸಾಕ್ಷಿಯಾಗಿದ್ದರೆ ನಾನು ಒಪ್ಪುತ್ತಿರಲಿಲ್ಲ. ಆದರೆ ಅದು ಪ್ರತಿ ವಾರ ಆರಂಭದಲ್ಲೇ ಬರುತ್ತಿತ್ತು ಎಂದು ಬರೆದಿದ್ದೀರಿ, ಮತ್ತು ಆ ಹಾಡು ಕೇಳಿದೊಡನೆ ಅಡುಗೆಮನೆಗೆ ಓಡಿ ಅಮ್ಮನ ಸೆರಗು ಹಿಡಿಯುತ್ತಿದ್ದುದಾಗಿಯೂ ಬರೆದಿದ್ದೀರಿ. ನೇಜಿಯ ಹಾಡಿಗೆ ಯಾವ ಮಗುವೂ ಹಾಗೆ ಓಡುವುದಿಲ್ಲ.

ಎರಡೂ ಹೇಗೆ ಬೆರೆತವೆಂದರೆ, ನೋಡಿದ್ದು ಅದೇ ಚಾವಡಿಯಲ್ಲಿ, ಅದೇ ಪೆಟ್ಟಿಗೆಯಲ್ಲಿ. ಎರಡರಲ್ಲೂ ಹೆಂಚಿನ ಮಾಡು, ಎರಡರಲ್ಲೂ ಹಸಿರು. ಹಸಿರು ಎಂದೆ, ನಿಮ್ಮ ಅಜ್ಜಿ ಮನೆಯ ಟಿವಿ ಕಪ್ಪು-ಬಿಳುಪಿನದಾಗಿತ್ತೆಂದು ನೀವೇ ಬರೆದಿದ್ದೀರಿ. ಈ ವಿಷಯದಲ್ಲಿ ನಾನೂ ಮೋಸ ಹೋದವನೇ. 1987ರ ಜನವರಿಯಲ್ಲಿ ಆರಂಭವಾದ ‘ರಾಮಾಯಣ’ವನ್ನು ನಮ್ಮ ಮನೆಯಲ್ಲೇ ಬಣ್ಣದಲ್ಲಿ ನೋಡಿದ್ದೇನೆಂದು ಬಹಳ ಕಾಲ ವಾದಿಸುತ್ತಿದ್ದೆ. ಆಮೇಲೆ ಅಣ್ಣ ನೆನಪಿಸಿದ: ಟಿವಿಯ ಗಾಜಿನ ಮುಂದೆ ಅಪ್ಪ ಒಂದು ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿದ್ದರು, ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ನೀಲಿ ಆಕಾಶವೆಂದು ನಾನು ಕೊಂಡಾಡುತ್ತಿದ್ದುದು ಅರಮನೆಯ ಒಳಗೂ ಇತ್ತು, ರಾಮನ ಪಾದಗಳು ಸಭೆಯಲ್ಲೂ ಹುಲ್ಲಿನ ಮೇಲೆಯೇ ಇದ್ದವು.

ಆದ್ದರಿಂದ ಯಾರಾದರೂ ಹೀಗೆ ಕೇಳಿದಾಗ ನಾನು ಕಥೆಯನ್ನು ಅಷ್ಟಾಗಿ ವಿಚಾರಿಸುವುದಿಲ್ಲ. ಕಥೆಯನ್ನು ನಾವು ವರ್ಷವರ್ಷವೂ ತಿದ್ದುತ್ತಾ ಬಂದಿರುತ್ತೇವೆ. ಸುತ್ತಲಿನ ಸಂಗತಿಗಳನ್ನು ತಿದ್ದಬೇಕೆಂದು ನಮಗೆ ತೋಚಿರುವುದಿಲ್ಲ. ಅಡಿಕೆ ಮರದ ತುದಿಗೆ ಕಟ್ಟಿದ ಆಂಟೆನಾ ತಿರುಗಿಸಲು ಯಾರು ಹೋಗುತ್ತಿದ್ದರು, ಕಿಟಕಿಯಿಂದ “ಬಂತು, ಬಂತು, ಅಯ್ಯೋ ಹೋಯ್ತು” ಎಂದು ಕೂಗುತ್ತಿದ್ದವರು ಯಾರು, ಅದು ಚಹಾದ ಹೊತ್ತೋ ಊಟದ ಹೊತ್ತೋ, ಮರುದಿನ ಶಾಲೆ ಇತ್ತೋ ಇಲ್ಲವೋ ಎಂಬುದರಿಂದ ವಾರ ಮತ್ತು ವೇಳೆ ಸಿಗುತ್ತವೆ. ಅಲ್ಲಿಂದ ಮುಂದೆ ಗ್ರಂಥಾಲಯದಲ್ಲಿ ಆ ವರ್ಷದ ದಿನಪತ್ರಿಕೆಗಳ ಕಡತ ತೆಗೆಸಿ, ಅಂದಿನ ದೂರದರ್ಶನ ಕಾರ್ಯಕ್ರಮಗಳ ಪಟ್ಟಿಯ ಮೇಲೆ ಬೆರಳಿಟ್ಟು ಇಳಿಯುವ ಕೆಲಸವಷ್ಟೇ.

ನಿಮ್ಮ ಇನ್ನೊಂದು ಪ್ರಶ್ನೆಗೆ ಉತ್ತರ ಸುಲಭ. ಬಲೆಯ ಸಮೇತ ಹಾರಿಹೋಗುವ ಹಕ್ಕಿಗಳ ಕಾರ್ಟೂನ್, ಫಿಲ್ಮ್ಸ್ ಡಿವಿಷನ್ 1974ರಲ್ಲಿ ಹೊರತಂದ, ವಿಜಯಾ ಮುಳೆ ಅವರ ‘ಏಕ್ ಅನೇಕ್ ಔರ್ ಏಕತಾ’.

ಕೊನೆಯದಾಗಿ, ಲಾಟೀನು ಹಿಡಿದು ಮೆಟ್ಟಿಲಿಳಿಯುವ ಮುದುಕನ ಬಗ್ಗೆ ಕೇಳಿದ್ದೀರಿ. ಅಷ್ಟರಿಂದಲೇ ಒಂದು ಹೆಸರು ಹೇಳಿಬಿಟ್ಟರೆ ನಾಳೆಯಿಂದ ನೀವು ಅದನ್ನೇ ನೋಡಿದ್ದೆಂದು ನಂಬಲು ತೊಡಗುತ್ತೀರಿ, ಹಾಗಾಗಿ ಹೇಳುವುದಿಲ್ಲ. ಅಜ್ಜಿ ಮನೆಗೆ ಟಿವಿ ಬಂದ ವರ್ಷ ನಿಮ್ಮ ಅತ್ತೆಗೆ ನೆನಪಿರಬಹುದು ಎಂದು ಬರೆದಿದ್ದೀರಲ್ಲ. ಮೊದಲು ಅದನ್ನು ವಿಚಾರಿಸಿ. ಮುದುಕನ ವಿಷಯವನ್ನು ಮಾತ್ರ ಅವರ ಮುಂದೆ ನೀವಾಗಿ ಎತ್ತಬೇಡಿ. ಅವರಾಗಿಯೇ ಲಾಟೀನಿನ ಮಾತು ತೆಗೆದರೆ ತಡಮಾಡದೆ ನನಗೆ ಬರೆಯಿರಿ.

— ಸಂಪಾದಕ