ತಾರ್ನ್ ಕಂದರದಲ್ಲಿ ಓಟ: ಕಿಲೋಮೀಟರ್ ಆಮೇಲೆ, ಮೊದಲು ನೀರು ಎಲ್ಲಿದೆ ನೋಡಿ

ದಕ್ಷಿಣ ಫ್ರಾನ್ಸಿನ ಸುಣ್ಣಕಲ್ಲಿನ ಗುಡ್ಡಗಳಲ್ಲಿ, ನದಿ ಕೊರೆದ ಕಂದರಗಳಲ್ಲಿ ಓಡುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ತುಲೂಸ್‌ನಲ್ಲಿ ವಿಮಾನ ತಯಾರಿಕೆಯ ಕೆಲಸದಲ್ಲಿದ್ದೇನೆ. ಕಾಲುವೆ ಪಕ್ಕದ ಸಪಾಟು ದಾರಿಯಲ್ಲಿ ದಿನಾ ಓಡಿ ಬೇಜಾರಾಗಿದೆ. 10 ಕಿ.ಮೀ. ಆರಾಮಾಗಿ ಓಡುತ್ತೇನೆ, ಆದರೆ ಗುಡ್ಡದ ಅಭ್ಯಾಸ ಇಲ್ಲ. ಎಲ್ಲಿಂದ ಶುರು ಮಾಡಲಿ?
– ತುಲೂಸ್‌ನ ಓದುಗರು

ಎಲ್ಲರೂ ಹೇಳುವುದು ತಾರ್ನ್ ಕಂದರ. ಅಲ್ಲಿಗೆ ಈಗಲೇ ಹೋಗಬೇಡಿ. ನಿಮ್ಮೂರಿನಿಂದ ಕಾರಿನಲ್ಲಿ ಒಂದೂವರೆ ಗಂಟೆ ಹೋದರೆ ಸೇಂತ್ ಆಂತೊನಾಂ ನೋಬ್ಲ್ ವಾಲ್ ಎಂಬ ಹಳೇ ಊರು ಸಿಗುತ್ತದೆ. ಅವೆರೋನ್ ನದಿ ದಂಡೆಯಲ್ಲಿದೆ. ಊರಿನ ಎದುರಿಗೇ ಆಂಗ್ಲಾರ್ ಬಂಡೆಯ ಗೋಡೆ. ಅದರ ನೆತ್ತಿಗೆ ಹತ್ತಿ, ಅಂಚಿನಲ್ಲಿ ಓಡಿ, ಇನ್ನೊಂದು ಕಡೆಯಿಂದ ಇಳಿದು ಬರಬಹುದು. ಏರು ಕಡಿದು, ಆದರೆ ಬೇಗ ಮುಗಿಯುತ್ತದೆ. ಹತ್ತುವಾಗ ಓಡಬೇಡಿ, ಕೈಯನ್ನು ತೊಡೆಯ ಮೇಲಿಟ್ಟು ನಡೆಯಿರಿ. ಗುಡ್ಡದ ಓಟಗಾರರಲ್ಲಿ ಹೆಚ್ಚಿನವರು ಹಾಗೇ ಮಾಡುತ್ತಾರೆ, ಅದರಲ್ಲಿ ನಾಚಿಕೆ ಏನೂ ಇಲ್ಲ. ಭಾನುವಾರ ಬೆಳಿಗ್ಗೆ ಊರಲ್ಲಿ ಸಂತೆ ಇರುತ್ತದೆ. ಓಟ ಮುಗಿಸಿ ಹಣ್ಣು, ಬ್ರೆಡ್ ತಗೊಳ್ಳಬಹುದು, ಆದರೆ ಬೇಗ ಹೋಗದಿದ್ದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ.

ಮೈ ಸ್ವಲ್ಪ ಹದಕ್ಕೆ ಬಂದ ಮೇಲೆ ಇದೇ ನದಿಯ ಜತೆ ಪೆನ್, ಬ್ರುನಿಕೆಲ್ ಕಡೆಗೆ ಹೋಗುವ ಜಿ.ಆರ್. 46 ಎಂಬ ದೂರದ ಕಾಲುದಾರಿ ಹಿಡಿಯಿರಿ. ಎರಡೂ ಊರುಗಳಲ್ಲಿ ಬಂಡೆಯ ತುದಿಗೆ ಕಟ್ಟಿದ ಕೋಟೆಗಳಿವೆ. ಬ್ರುನಿಕೆಲ್ ಹತ್ತಿರದ ಒಂದು ಗುಹೆಯೊಳಗೆ, ಸುಣ್ಣದ ಕಂಬಗಳನ್ನು ಮುರಿದು ವೃತ್ತಾಕಾರದಲ್ಲಿ ಜೋಡಿಸಿಟ್ಟದ್ದು ಸಿಕ್ಕಿದೆ. ಅದು ಸುಮಾರು 1,76,500 ವರ್ಷ ಹಿಂದಿನದು, ನಿಯಾಂಡರ್ತಲ್ ಮನುಷ್ಯರ ಕೆಲಸ ಎಂದು ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು. ಗುಹೆಯೊಳಗೆ ಹೋಗುವ ಹಾಗಿಲ್ಲ. ಆದರೂ ಆ ಗುಡ್ಡದ ಹತ್ತಿರ ಓಡುವಾಗ ಇದು ನೆನಪಿದ್ದರೆ ಚೆನ್ನ ಅನ್ನಿಸಿತು.

ಏರೇ ಬೇಡ ಅನ್ನುವ ದಿನ ಲೋಟ್ ನದಿ ಕಡೆ ಹೋಗಿ. ಬೂಝಿಯೆಸ್‌ನಿಂದ ಸೇನ್ ಸೀರ್ ಲಾಪೊಪಿಗೆ ನದಿಯಂಚಿನಲ್ಲೇ ಒಂದು ಹಳೇ ದಾರಿ ಇದೆ. ಹಿಂದೆ ಸರಕು ದೋಣಿಗಳನ್ನು ಹಗ್ಗ ಕಟ್ಟಿ ಎಳೆಯಲು ಬಂಡೆಯನ್ನೇ ಕೊರೆದು ಮಾಡಿದ್ದು. ತಲೆಯ ಮೇಲೂ ಬಂಡೆ, ಪಕ್ಕದಲ್ಲೂ ಬಂಡೆ, ಕಾಲಡಿ ಸಪಾಟು. ಕೊನೆಗೆ ಊರಿಗೆ ಹತ್ತುವ ತುಂಡು ಮಾತ್ರ ಉಸಿರು ಕಟ್ಟಿಸುತ್ತದೆ.

ಜುಲೈನಲ್ಲಿ ಫ್ರಾನ್ಸಿಗೆ ಹೋಗುತ್ತಿದ್ದೇನೆ. ಲು ರೋಜಿಯೆ ಊರಿನಿಂದ ಹತ್ತಿ, ಮೇಲಿನ ಬಯಲಿನಲ್ಲಿ ಓಡಿ, ಲಾ ಮಲೆನ್‌ಗೆ ಇಳಿಯುವ ಯೋಚನೆ. ಮ್ಯಾಪಿನಲ್ಲಿ 28 ಕಿ.ಮೀ. ತೋರಿಸುತ್ತಿದೆ. ಬೆಂಗಳೂರಿನಲ್ಲಿ 30 ಕಿ.ಮೀ. ಮೂರೂವರೆ ಗಂಟೆಗೆ ಓಡುತ್ತೇನೆ. ಇದಕ್ಕೆ ನಾಲ್ಕು ಗಂಟೆ ಸಾಕಲ್ವಾ? ನೀರು ದಾರಿಯಲ್ಲಿ ಸಿಗುತ್ತದಾ?
– ಬೆಂಗಳೂರಿನ ಓದುಗರು

ನಾಲ್ಕು ಗಂಟೆ ಸಾಲುವುದಿಲ್ಲ. ನೀರೂ ಸಿಗುವುದಿಲ್ಲ. ಎರಡನೆಯದು ಜಾಸ್ತಿ ಮುಖ್ಯ, ಅದನ್ನೇ ಮೊದಲು ಹೇಳುತ್ತೇನೆ.

ನೀವು ಓಡಬೇಕೆಂದಿರುವ ಬಯಲಿನ ಹೆಸರು ಕೋಸ್ ಮೆಜಾನ್. ಒಂದು ಕಡೆ ತಾರ್ನ್ ನದಿ, ಇನ್ನೊಂದು ಕಡೆ ಜೋಂಟ್ ನದಿ. ಎರಡೂ ಸೇರಿ ಈ ಸುಣ್ಣಕಲ್ಲಿನ ದಿಬ್ಬವನ್ನು ಎರಡು ಕಡೆಯಿಂದ ಕತ್ತರಿಸಿವೆ. ತಾರ್ನ್ ಕಂದರದ ಆಳ 400ರಿಂದ 600 ಮೀಟರ್. ಡೈನೋಸಾರ್ ಕಾಲದ ಸಮುದ್ರದ ತಳದಲ್ಲಿ ಕೂತ ಕಲ್ಲು ಇದು. ನಮ್ಮ ಯಾಣದ್ದೂ ಸುಣ್ಣಕಲ್ಲೇ, ಆದರೆ ಅಲ್ಲಿ ಸುತ್ತ ದಟ್ಟ ಕಾಡು, ಬೇಕಾದಷ್ಟು ಮಳೆ. ಇಲ್ಲಿ ಹುಲ್ಲು, ಕಲ್ಲು, ಅಲ್ಲಲ್ಲಿ ಪೈನ್ ಮರ, ಮೇಲೆ ಆಕಾಶ. ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ಮೇಲೆ ಹಳ್ಳ ಇಲ್ಲ, ತೊರೆ ಇಲ್ಲ. ಇಳಿದ ನೀರು ನೆಲದೊಳಗೇ ಹರಿದು, ಕಂದರದ ಬುಡದಲ್ಲಿ ಊಟೆಯಾಗಿ ಹೊರಗೆ ಬರುತ್ತದೆ. ನಿಮಗೆ ಬಾಯಾರುವುದು ಮೇಲೆ, ನೀರಿರುವುದು ಅರ್ಧ ಕಿಲೋಮೀಟರ್ ಕೆಳಗೆ.

ಮೇಲೆ ಅಲ್ಲಲ್ಲಿ ದುಂಡಗೆ ಕಲ್ಲು ಹಾಸಿದ ಹೊಂಡಗಳು ಕಾಣುತ್ತವೆ, ಲವೋನ್ ಎನ್ನುತ್ತಾರೆ. ನೋಡಲು ಚೆಂದ. ಆದರೆ ಅದು ಕುರಿಗಳ ನೀರು, ಕುಡಿಯಬೇಡಿ. ಬಯಲಿನ ಹಳ್ಳಿಗಳೆಂದರೆ ನಾಲ್ಕಾರು ಮನೆಗಳ ಗುಂಪು, ಅಂಗಡಿ ಇರುವುದಿಲ್ಲ. ಫ್ರಾನ್ಸಿನಲ್ಲಿ ನಡೆಯುವವರಿಗೆಲ್ಲ ಗೊತ್ತಿರುವ ಒಂದು ಉಪಾಯ ಇದೆ: ಸ್ಮಶಾನದ ನಲ್ಲಿ. ಸಮಾಧಿಯ ಹೂಗಿಡಗಳಿಗೆ ಅಂತ ಇಟ್ಟಿರುತ್ತಾರೆ. ಅಲ್ಲಿ ‘ನೊನ್ ಪೊತಾಬ್ಲ್’ ಎಂಬ ಬೋರ್ಡು ಇದ್ದರೆ ಕುಡಿಯುವ ಹಾಗಿಲ್ಲ. ಯಾವುದಕ್ಕೂ ಅದನ್ನೇ ನಂಬಿಕೊಂಡು ಹೊರಡಬೇಡಿ. ಜುಲೈನಲ್ಲಾದರೆ ಗಂಟೆಗೆ ಅರ್ಧ ಲೀಟರ್ ಲೆಕ್ಕ ಹಾಕಿ, ಮೇಲೊಂದಿಷ್ಟು ಹೆಚ್ಚಿಗೆ ಹೊತ್ತುಕೊಳ್ಳಿ. ಬಿಳಿ ಕಲ್ಲಿನ ಮೇಲೆ ಹೆಚ್ಚು ನೆರಳಿಲ್ಲದೆ ಓಡುವ ಬಿಸಿಲು ಬೆಂಗಳೂರಿನವರಿಗೆ ಹೊಸದು. ಬೆಳಿಗ್ಗೆ ಆರಕ್ಕೆಲ್ಲ ಬೆಳಕಾಗುತ್ತದೆ, ಆಗಲೇ ಹೊರಟುಬಿಡಿ.

ಈಗ ಸಮಯದ ಲೆಕ್ಕ. ಫ್ರೆಂಚ್ ಗುಡ್ಡದ ಓಟಗಾರರು 100 ಮೀಟರ್ ಏರನ್ನು ಒಂದು ಕಿಲೋಮೀಟರ್ ಸಪಾಟು ಓಟಕ್ಕೆ ಸಮ ಅಂತ ಹಿಡಿಯುತ್ತಾರೆ. ನಿಮ್ಮ 28 ಕಿ.ಮೀ.ಗೆ ಏರಿಳಿತ ಎಲ್ಲ ಸೇರಿ 1,000 ಮೀಟರ್ ಏರು ಬಂದರೆ ಅದು 38 ಕಿ.ಮೀ. ಆಯಿತು. ಅದರ ಮೇಲೆ ಕಲ್ಲು, ಬೇರು, ಫೋಟೊ, ದಾರಿ ತಪ್ಪಿದ್ದು. ಆರು ಗಂಟೆ ಇಟ್ಟುಕೊಳ್ಳಿ. ಇನ್ನೊಂದು ವಿಷಯ: ನಂದಿ ಬೆಟ್ಟದಲ್ಲಿ ಹತ್ತಿ ಸುಸ್ತಾದರೆ ಅಲ್ಲೇ ತಿಂಡಿ ತಿಂದು ಬಸ್ಸಿನಲ್ಲಿ ಇಳಿಯಬಹುದು. ಇಲ್ಲಿ ಏರು ಮೊದಲ ಗಂಟೆಯಲ್ಲೇ ಮುಗಿದು, ಕಡಿದಾದ ಇಳಿಜಾರು ಕೊನೆಗೆ ಬರುತ್ತದೆ, ಕಾಲು ಸೋತ ಮೇಲೆ. ಬೀಳುವುದು ಅಲ್ಲೇ.

ನಾನಾಗಿದ್ದರೆ ಲಾ ಮಲೆನ್ ಬಿಟ್ಟು, ಲು ರೋಜಿಯೆಯಲ್ಲೇ ಶುರುಮಾಡಿ ಅಲ್ಲೇ ಮುಗಿಸುವ ಸುತ್ತು ಹಾಕುತ್ತಿದ್ದೆ. ಊರು ಸುಮಾರು 400 ಮೀಟರ್ ಎತ್ತರದಲ್ಲಿದೆ, ಬಯಲು 900ರ ಆಸುಪಾಸು. ಕಾಪ್ಲುಕ್ ಎಂಬ ಪಾಳುಬಿದ್ದ ಹಳ್ಳಿಯ ಮೇಲೆ ಹತ್ತಿ ಕಂದರದ ಅಂಚಿನ ದಾರಿ ಸೇರಬೇಕು. ಜೋಂಟ್ ಕಡೆಗೆ ಹೂದಾನಿ ಆಕಾರದ ಎರಡು ಬಂಡೆಗಳು ನಿಂತಿವೆ, ಒಂದಕ್ಕೆ ಸೆವ್ರ್ ಹೂದಾನಿ, ಇನ್ನೊಂದಕ್ಕೆ ಚೀನಾ ಹೂದಾನಿ ಅಂತ ಹೆಸರು. ಅಲ್ಲಿ ನಿಂತರೆ ರಣಹದ್ದುಗಳು ನಿಮಗಿಂತ ಕೆಳಗೆ ಹಾರುತ್ತಿರುತ್ತವೆ. ಇಲ್ಲಿ ಒಮ್ಮೆ ಪೂರ್ತಿ ಅಳಿದುಹೋಗಿದ್ದ ಹಕ್ಕಿ ಅದು. 1981ರಿಂದ ಮತ್ತೆ ತಂದು ಬಿಟ್ಟರು, ನೆಲೆ ನಿಂತಿತು. ನಮ್ಮ ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳ ಕಥೆ ಗೊತ್ತಿದ್ದವರಿಗೆ ಇದನ್ನು ನೋಡಿ ಹೊಟ್ಟೆಕಿಚ್ಚಾದರೆ ತಪ್ಪಿಲ್ಲ.

ಈ ದಾರಿಯಲ್ಲಿ ಕೆಲವು ಕಡೆ ಪ್ರಪಾತದ ಅಂಚು ಕಾಲಿನ ಪಕ್ಕದಲ್ಲೇ ಇರುತ್ತದೆ, ಕಬ್ಬಿಣದ ಏಣಿ, ಕೈಹಿಡಿಯೂ ಬರುತ್ತದೆ. ಎತ್ತರದ ಭಯ ಇದ್ದರೆ ಬೇಡ. ಮಳೆ ಬಂದರಂತೂ ಬೇಡವೇ ಬೇಡ: ಸಾವಿರಾರು ಕಾಲು ಉಜ್ಜಿ ನುಣುಪಾದ ಸುಣ್ಣಕಲ್ಲು ಒದ್ದೆಯಾದರೆ ಸೋಪು ಮೆತ್ತಿದ ಬಚ್ಚಲಿನ ಹಾಗೆ ಜಾರುತ್ತದೆ. ರಜೆಯ ತಿಂಗಳು ಬದಲಿಸಲು ಸಾಧ್ಯವಿದ್ದರೆ ಮೇ, ಜೂನ್ ಅಥವಾ ಸೆಪ್ಟೆಂಬರ್‌ನಲ್ಲಿ ಹೋಗಿ. ಮೇ ತಿಂಗಳಲ್ಲಿ ಬಯಲಿನ ತುಂಬ ಕಾಡು ಆರ್ಕಿಡ್‌ಗಳಿರುತ್ತವೆ.

ಒಬ್ಬಳೇ ಓಡಬಹುದಾ? ಅಲ್ಲಿ ಕುರಿ ಕಾಯುವ ನಾಯಿಗಳು ಅಪಾಯ ಅಂತ ಕೇಳಿದ್ದೇನೆ.
– ಮೈಸೂರಿನ ಓದುಗರು

ಜನರ ಭಯ ಕಡಿಮೆ. ಕಾಲು ಉಳುಕಿದರೆ ಯಾರೂ ಸಿಗದಿರುವುದೇ ತೊಂದರೆ. ಕಂದರದೊಳಗೆ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ ಅನ್ನುವುದನ್ನು ಉಳಿದುಕೊಂಡ ಮನೆಯವರಿಗೆ ಬರೆದುಕೊಟ್ಟು ಹೊರಡಿ. ತುರ್ತು ಕರೆ 112. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ದಾರಿಯ ಗುರುತುಗಳು ಸುಲಭ: ದೂರದ ಜಿ.ಆರ್. ದಾರಿಗೆ ಬಿಳಿ-ಕೆಂಪು ಪಟ್ಟೆ, ಸಣ್ಣ ಸುತ್ತುಗಳಿಗೆ ಹಳದಿ ಪಟ್ಟೆ. ಪಟ್ಟೆಗಳು ಅಡ್ಡಡ್ಡ ಕತ್ತರಿಯ ಹಾಗೆ ಬಳಿದಿದ್ದರೆ ಆ ಕಡೆ ಹೋಗಬೇಡಿ ಅಂತ ಅರ್ಥ.

ನಾಯಿಗಳ ಮಾತು ನಿಜ. ತೋಳಗಳು ವಾಪಸ್ ಬಂದ ಮೇಲೆ ಮಂದೆಯ ಜತೆ ಪತೂ ಎಂಬ ದೊಡ್ಡ ಬಿಳಿ ನಾಯಿ ಬಿಡುವುದು ಹೆಚ್ಚಾಗಿದೆ. ಅದು ಮಂದೆಯ ಜತೆಗೇ ಬೆಳೆದ ನಾಯಿ, ಓಡಿಬರುವ ಯಾರನ್ನು ಕಂಡರೂ ಅನುಮಾನ. ದೂರದಲ್ಲಿ ಮಂದೆ ಕಂಡ ತಕ್ಷಣ ಓಟ ನಿಲ್ಲಿಸಿ. ದೊಡ್ಡದಾಗಿ ಸುತ್ತು ಬಳಸಿ ನಡೆಯಿರಿ. ನಾಯಿ ಬೊಗಳುತ್ತಾ ಬಂದರೆ ಸುಮ್ನೆ ನಿಲ್ಲಿ, ಕೋಲು ಎತ್ತಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಮೂಸಿ ನೋಡಿ ಸಮಾಧಾನವಾದರೆ ಹಿಂದೆ ಹೋಗುತ್ತದೆ. ನೀವು ತೆರೆದ ಬೇಲಿಬಾಗಿಲು ಮುಚ್ಚಿಯೇ ಮುಂದೆ ಹೋಗಿ.

ನಾಯಿಗಿಂತ ನನಗೆ ಹೆಚ್ಚು ಯೋಚನೆ ಬೇಟೆಯದು. ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ ಕಾಡುಹಂದಿ ಬೇಟೆ ಜೋರು, ಅದರಲ್ಲೂ ವಾರಾಂತ್ಯ. ಕಿತ್ತಳೆ ಬಣ್ಣದ ಅಂಗಿ ಹಾಕಿ. ‘ಶಾಸ್ ಆಂ ಕೂರ್’ (ಬೇಟೆ ನಡೆಯುತ್ತಿದೆ) ಬೋರ್ಡು ಕಂಡರೆ ಬೇರೆ ದಾರಿ ಹಿಡಿಯಿರಿ. ಶರತ್ಕಾಲದಲ್ಲಿ ಸೆವೆನ್ ಬೆಟ್ಟಗಳ ಮೇಲೆ ಒಮ್ಮೆಲೇ ಸುರಿಯುವ ಮಳೆಗೆ ಈ ನದಿಗಳು ಗಂಟೆಗಳಲ್ಲಿ ಉಕ್ಕುತ್ತವೆ. ಹವಾಮಾನ ಇಲಾಖೆ ಕಿತ್ತಳೆ ಎಚ್ಚರಿಕೆ ಕೊಟ್ಟ ದಿನ ನದಿಯಂಚಿನ ದಾರಿಗೆ ಇಳಿಯಬಾರದು.

ಮೀಯೊ ಊರಿನ ತಾಂಪ್ಲಿಯೆ ಓಟಕ್ಕೆ ಹೆಸರು ಕೊಡಬೇಕೆಂದಿದ್ದೇನೆ. ಎರಡು ಮ್ಯಾರಥಾನ್ ಮುಗಿಸಿದ್ದೇನೆ. ಸಾಧ್ಯವಾ?
– ಹುಬ್ಬಳ್ಳಿಯ ಓದುಗರು

ಮುಂದಿನ ವರ್ಷಕ್ಕೆ ದೊಡ್ಡ ಓಟ ಬೇಡ. ಗ್ರಾಂ ತ್ರೈಲ್ ದೆ ತಾಂಪ್ಲಿಯೆ 1995ರಲ್ಲಿ ಶುರುವಾದದ್ದು, ಫ್ರಾನ್ಸಿನಲ್ಲಿ ಗುಡ್ಡದ ಓಟಕ್ಕೆ ಹೆಸರು ತಂದುಕೊಟ್ಟ ಓಟಗಳಲ್ಲಿ ಒಂದು. ದಾರಿ ಆಗಾಗ ಸ್ವಲ್ಪ ಬದಲಾಗುತ್ತದೆ, ಹೆಚ್ಚುಕಡಿಮೆ 80 ಕಿ.ಮೀ., ಏರು ಸುಮಾರು 3,500 ಮೀಟರ್. ಮೇಲಿನ ಲೆಕ್ಕದಲ್ಲಿ 115 ಕಿ.ಮೀ. ಆಯಿತು ನೋಡಿ. ಅಕ್ಟೋಬರ್ ಬೆಳಗಿನ ಕತ್ತಲೆಯಲ್ಲಿ, ಚಳಿಯಲ್ಲಿ ಹೊರಡುತ್ತಾರೆ. ಕೊನೆಯಲ್ಲಿ ಪೂಂಚೊ ದಾಗಾಸ್ಟ್ ಗುಡ್ಡ ಕಾದು ಕೂತಿರುತ್ತದೆ. ಅದೇ ವಾರಾಂತ್ಯದ ಉತ್ಸವದಲ್ಲಿ ಚಿಕ್ಕ ಓಟಗಳೂ ಇವೆ, ಅದರಲ್ಲೊಂದಕ್ಕೆ ಹೆಸರು ಕೊಡಿ. ಅದೇ ಗುಡ್ಡ, ಅದೇ ಜನ, ಅದೇ ಗದ್ದಲ. ಫ್ರಾನ್ಸಿನಲ್ಲಿ 2024ರಿಂದ ವೈದ್ಯರ ಸರ್ಟಿಫಿಕೇಟಿನ ಬದಲು ಪಿ.ಪಿ.ಎಸ್. ಎಂಬ ಆರೋಗ್ಯ ಮಾಹಿತಿಯ ಹಂತಗಳನ್ನು ಆನ್‌ಲೈನ್‌ನಲ್ಲಿ ಮುಗಿಸಿ ಅದರ ನಂಬರ್ ಕೊಡಬೇಕು, ಮರೆಯಬೇಡಿ.

ಹುಬ್ಬಳ್ಳಿಯಲ್ಲಿ ಅಭ್ಯಾಸಕ್ಕೆ ದೊಡ್ಡ ಬೆಟ್ಟ ಇಲ್ಲ ಅನ್ನಬಹುದು ನೀವು. ನೃಪತುಂಗ ಬೆಟ್ಟವೇ ಸಾಕು, ಹತ್ತಿ ಇಳಿದು ಹತ್ತಿ ಇಳಿಯಿರಿ. ಇಳಿಯುವುದನ್ನು ಅಭ್ಯಾಸ ಮಾಡಿ, ಹತ್ತುವುದಕ್ಕಿಂತ ಹೆಚ್ಚಾಗಿ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಆ ಅಭ್ಯಾಸ ಇಲ್ಲದ ಕಾಲು ಅರ್ಧ ದಾರಿಗೇ ಕೈಕೊಡುತ್ತದೆ.

ಶುದ್ಧ ಸಸ್ಯಾಹಾರಿ. ಆ ಹಳ್ಳಿಗಳಲ್ಲಿ ಏನು ತಿನ್ನಲಿ?
– ಉಡುಪಿಯ ಓದುಗರು

ಬ್ರೆಡ್, ಹಣ್ಣು, ಆಲೂಗಡ್ಡೆ, ಬೀಜಗಳು. ಆ ಸೀಮೆಯ ಆಲಿಗೋ ಅಂದರೆ ಆಲೂಗಡ್ಡೆಗೆ ಚೀಸ್ ಹಾಕಿ ನೂಲಿನ ಹಾಗೆ ಎಳೆ ಬರುವವರೆಗೆ ತಿರುವಿದ್ದು, ಓಟದ ನಂತರ ಅದ್ಭುತ. ಜತೆಗೆ ಸಾಸೇಜ್ ಬಡಿಸುತ್ತಾರೆ, ಬೇಡ ಅಂತ ಮೊದಲೇ ಹೇಳಿ. ಆದರೆ ಅಲ್ಲಿನ ಸಾಂಪ್ರದಾಯಿಕ ಚೀಸ್‌ಗಳಿಗೆ ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ರೊಕ್‌ಫೋರ್ ಕೂಡ ಹಾಗೇ. ನಿಮ್ಮ ನಿಯಮ ಅಷ್ಟು ಕಟ್ಟುನಿಟ್ಟಾಗಿದ್ದರೆ ಚೀಸ್ ಬಿಡಿ. ಹಳ್ಳಿ ಅಂಗಡಿಗಳು ಮಧ್ಯಾಹ್ನ ಮುಚ್ಚುತ್ತವೆ, ಭಾನುವಾರ ಮಧ್ಯಾಹ್ನದ ಮೇಲೆ ತೆರೆಯುವುದು ಅಪರೂಪ, ಸೋಮವಾರವೂ ಎಷ್ಟೋ ಕಡೆ ರಜೆ. ಊರಿಂದ ಚಿಕ್ಕಿ, ಖರ್ಜೂರ ತಗೊಂಡು ಹೋಗಿ. ಅಲ್ಲಿನ ಜೆಲ್ ಪೊಟ್ಟಣಗಳಿಗಿಂತ ಹೊಟ್ಟೆಗೆ ಹಿತ.

ಗಂಡ ಓಡುತ್ತಾರೆ, ನಾನು ಮಕ್ಕಳ ಜತೆ ಇರುತ್ತೇನೆ. ಇಬ್ಬರಿಗೂ ಆಗುವ ಒಂದು ದಿನದ ಯೋಜನೆ ಹೇಳಿ.
– ಶಿವಮೊಗ್ಗದ ಓದುಗರು

ಲಾ ಮಲೆನ್‌ನಲ್ಲಿ ಕಾರು ನಿಲ್ಲಿಸಿ. ನಿಮ್ಮವರು ನದಿಯ ಎಡದಂಡೆಯ ಕಾಲುದಾರಿಯಲ್ಲಿ ಮೇಲ್ಮುಖವಾಗಿ ಸೇಂತ್ ಎನಿಮಿವರೆಗೆ ಓಡಲಿ, ಸುಮಾರು 14 ಕಿ.ಮೀ. ಬಯಲಿಗೆ ಹತ್ತುವ ಏರು ಇಲ್ಲ, ನೆರಳೂ ಇದೆ. ಮಧ್ಯೆ ಓತ್‌ರೀವ್ ಎಂಬ ಹಳ್ಳಿ ಸಿಗುತ್ತದೆ. ರಸ್ತೆ ಆಚೆ ದಂಡೆಯಲ್ಲಿರುವುದರಿಂದ ಅಲ್ಲಿಯ ಜನ ಸಾಮಾನನ್ನು ನದಿಯ ಮೇಲೆ ಕಟ್ಟಿದ ತಂತಿಯಲ್ಲಿ ತೂಗುಹಾಕಿ ಎಳೆದುಕೊಳ್ಳುತ್ತಾರೆ. ಅಷ್ಟರಲ್ಲಿ ನೀವು ಲಾ ಮಲೆನ್‌ನ ಅಂಬಿಗರ ದೋಣಿಯಲ್ಲಿ ಕೆಳಗಿನ ಇಕ್ಕಟ್ಟಾದ ಕಂದರ ನೋಡಿಬನ್ನಿ, ಅವರೇ ವ್ಯಾನಿನಲ್ಲಿ ವಾಪಸ್ ಬಿಡುತ್ತಾರೆ. ನಿಮ್ಮವರು ಸೇಂತ್ ಎನಿಮಿಯಲ್ಲಿ ಬಾಡಿಗೆಗೆ ಕನೂ ಎಂಬ ಸಣ್ಣ ದೋಣಿ ಹಿಡಿದು ನೀರಿನ ಜತೆ ಲಾ ಮಲೆನ್‌ಗೆ ಬರಬಹುದು. ಈಜು ಬರಲೇಬೇಕು. ಲಾ ಮಲೆನ್ ದಾಟಿ ಇನ್ನೂ ಕೆಳಗೆ ಹೋಗುವ ಆಸೆ ಬೇಡ: ಮುಂದೆ ಪಾ ದು ಸೂಸಿಯಲ್ಲಿ ಗುಡ್ಡ ಕುಸಿದು ಬಿದ್ದ ಬಂಡೆಗಳ ಕೆಳಗೆ ನದಿ ನುಗ್ಗುತ್ತದೆ, ಅಲ್ಲಿ ಕನೂಗೆ ದಾರಿಯಿಲ್ಲ.